ನೇಪಾಳದಲ್ಲಿ ಸಿಕ್ಕ ಕುಣಿಗಲ್ ಅಕ್ಕ



ಪ್ರವಾಸಕ್ಕೆ ಹೊರಡುವ ಮುಂಚೆ ಏನೇನು ಕಟ್ಟಿಕೊಳ್ಳಬೇಕು, ಎಷ್ಟು ಜೊತೆ ಬಟ್ಟೆ, ಯಾವ ಮಾತ್ರೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಪ್ರವಾಸ ಮುಗಿಯುತ್ತ ಬಂದಾಗಿನ ಕೊನೆಯ ಎರಡು ಮೂರು ದಿನಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಷ್ಟು ಹೊತ್ತಿಗೆ ಬಟ್ಟೆಯೆಲ್ಲ ಕೊಳೆಯಾಗಿರುತ್ತೆ, ಕಾಲು ಊದಿರುತ್ತೆ, ಮನೆಯಲ್ಲಿ ಹಾಲಿನವನ ಲೆಕ್ಕ ಏನಾಯಿತೋ ಅನ್ನುವ ಯೋಚನೆ ತಲೆಗೆ ಹತ್ತಿರುತ್ತೆ. ಆದರೆ ಜೊತೆಗೆ ಬಂದವರು ನಿಜಕ್ಕೂ ಯಾರು ಅನ್ನುವುದು ಗೊತ್ತಾಗುವುದು ಆ ದಿನಗಳಲ್ಲೇ.

2024ರ ಮಾರ್ಚಿಯಲ್ಲಿ ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ನೇಪಾಳಕ್ಕೆ ಹೋಗಿದ್ದೆ. ಮುಕ್ತಿನಾಥ ನೋಡಬೇಕೆನ್ನುವುದು ಅವರ ಬಹಳ ವರ್ಷಗಳ ಆಸೆ. ನಮ್ಮ ಯಜಮಾನರಿಗೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಹನ್ನೆರಡು ದಿನ ರಜೆ ಯಾರು ಕೊಡುತ್ತಾರೆ? "ನೇಪಾಳ ಏನು ಮಹಾ ಫಾರಿನ್ನಾ, ಪಾಸ್‌ಪೋರ್ಟೂ ಬೇಡ, ವೋಟರ್ ಐಡಿ ಇದ್ದರೆ ಆಯಿತು, ನೀನೇ ಹೋಗಿ ಬಾ" ಅಂದುಬಿಟ್ಟರು. ಪಾಸ್‌ಪೋರ್ಟು ಬೇಡ ಅನ್ನುವುದೇನೋ ನಿಜ. ಆದರೆ ಗಡಿ ದಾಟಿದ ಕೂಡಲೆ ಗಡಿಯಾರ ಹದಿನೈದು ನಿಮಿಷ ಮುಂದೆ ಓಡುತ್ತೆ, ಭಾನುವಾರದ ಬದಲು ಶನಿವಾರ ರಜೆ, ದುಡ್ಡು ಬೇರೆ, ಭಾಷೆ ಬೇರೆ. ಫಾರಿನ್ ಅನ್ನಲು ಇಷ್ಟು ಸಾಲದೇ?

ನಮ್ಮ ತಂಡದಲ್ಲಿ ಒಟ್ಟು ಇಪ್ಪತ್ತೆರಡು ಜನ, ಅದರಲ್ಲಿ ಹೆಂಗಸರು ಹದಿನಾಲ್ಕು. ಎಲ್ಲರೂ ನಮ್ಮ ತುಮಕೂರು ಜಿಲ್ಲೆಯವರೇ, ಆದರೆ ಒಬ್ಬರಿಗೊಬ್ಬರು ಗುರುತಿಲ್ಲ. ಹೆಸರು ಹೇಳಿದರೂ ನೆನಪಿನಲ್ಲಿ ನಿಲ್ಲದೆ ಊರಿನ ಹೆಸರಿನಿಂದಲೇ ಕರೆಯುವುದು ರೂಢಿಯಾಯಿತು. ಅಡಿಕೆ ತೋಟದ ಮನೆಯವರು ಗುಬ್ಬಿಯವರು. ತಟ್ಟೆ ಇಡ್ಲಿಯ ಊರಿನವರು ಕ್ಯಾತ್ಸಂದ್ರದವರು. ಯಾವಾಗಲೂ ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಿದ್ದವರು ಕುಣಿಗಲ್ ಅಕ್ಕ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವರವರ ಮನೆಯ ಮಾತು ಇರುವುದರಿಂದ ಹೆಸರು ಬೇಡ. ಅತ್ತೆಯವರ ಮಾತೂ ಬರುತ್ತೆ, ಅದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ತೆಗೆದುಕೊಂಡೇ ಬರೆದಿದ್ದೇನೆ.

ಮೊದಲ ವಾರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿ ದಾಟಿ ಲುಂಬಿನಿ, ಪೋಖರಾ. ಕಿಟಕಿ ಸೀಟಿಗೆ ಜಗಳ, ಬಿಸಿನೀರಿಗೆ ಜಗಳ, ಗೊರಕೆ ಹೊಡೆಯುವವರ ಜೊತೆ ಕೋಣೆ ಬೇಡ ಅಂತ ಜಗಳ. ಜೊತೆಗೆ ನಮ್ಮ ಕಡೆಯ ಅಡಿಗೆಯವರು ಇದ್ದರು, ಸೋನಾ ಮಸೂರಿ ಅಕ್ಕಿ, ಸಾರಿನ ಪುಡಿ, ರಾಗಿ ಹಿಟ್ಟು ಎಲ್ಲ ಇಲ್ಲಿಂದಲೇ ಹೋಗಿತ್ತು. ಆದರೂ ನಮ್ಮ ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಯಾರು ಏನು ಕೊಟ್ಟರೂ "ಹೊಟ್ಟೆ ತುಂಬಿದೆ ಕಣಮ್ಮ" ಅಂತ ಕೈ ಅಡ್ಡ ಹಿಡಿಯುತ್ತಿದ್ದರು. ತಮ್ಮ ಡಬ್ಬಿಯ ಅವಲಕ್ಕಿಯನ್ನು ತಾವೇ ಒಂದು ಮೂಲೆಯಲ್ಲಿ ಕೂತು ತಿನ್ನುವುದು. ನನಗೋ ಎರಡೂ ಕಡೆ ಮುಜುಗರ.

ಪೋಖರಾದಿಂದ ಜೋಮ್‌ಸಮ್‌ಗೆ ಹೋಗುವ ಪುಟ್ಟ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ. ಹೊತ್ತು ಏರಿದ ಹಾಗೆ ಕಾಳಿ ಗಂಡಕಿಯ ಕಣಿವೆಯಲ್ಲಿ ಗಾಳಿ ಏಳುತ್ತೆ, ಆಮೇಲೆ ಯಾರೂ ಹಾರಿಸುವುದಿಲ್ಲ. ಮೋಡ ಕವಿದು ನಮಗೆ ಒಂದು ಇಡೀ ದಿನ ಅಲ್ಲೇ ಕಳೆಯಿತು. ಮರುದಿನ ಹೋದೆವು. ಮುಕ್ತಿನಾಥ 3,700 ಮೀಟರಿಗೂ ಎತ್ತರದ ಜಾಗ, ನಾಲ್ಕು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತೆ. ಅತ್ತೆಯವರು ಕುದುರೆ ಮೇಲೆ ಹೋದರು. 108 ಧಾರೆಗಳ ಹಿಮದಂಥ ನೀರಿಗೆ ತಲೆ ಒಡ್ಡಿ ಹೊರಗೆ ಬಂದಾಗ ಅವರ ತುಟಿ ನೀಲಿಯಾಗಿತ್ತು. ತಮ್ಮ ಶಾಲು ಬಿಚ್ಚಿ ಅವರಿಗೆ ಹೊದಿಸಿ, ಅಂಗಾಲು ಉಜ್ಜಿದವರು ಕುಣಿಗಲ್ ಅಕ್ಕ. ಅಲ್ಲಿಯ ತನಕ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಪೋಖರಾದಲ್ಲಿ ಹೋದ ಆ ಒಂದು ದಿನವನ್ನು ಪ್ರವಾಸ ನಡೆಸುವವರು ಕಠ್ಮಂಡುವಿನಲ್ಲಿ ಕತ್ತರಿಸಿದರು. ಭಕ್ತಪುರ ಇಲ್ಲ, ಅವತ್ತು ಮಧ್ಯಾಹ್ನ ಎಲ್ಲರೂ ವಿಶ್ರಾಂತಿ ಅಂತ ಹೇಳಿದರು. ಅದಾದರೂ ಹೇಳಿದ್ದು ಯಾವಾಗ? ಪೋಖರಾದಿಂದ ಕಠ್ಮಂಡುವಿಗೆ 200 ಕಿಲೋಮೀಟರ್, ರಸ್ತೆ ಅಗಲ ಮಾಡುತ್ತಿದ್ದುದರಿಂದ ಹತ್ತು ಗಂಟೆ ಕುಲುಕಾಡಿ, ಧೂಳು ಕುಡಿದು, ರಾತ್ರಿ ಹೋಟೆಲಿನಲ್ಲಿ ಇಳಿದ ಮೇಲೆ. ಗಂಡಸರು ಗಲಾಟೆ ಮಾಡಿ ಮಲಗಿದರು. ಗುಬ್ಬಿಯವರು ಮಾತ್ರ ಗಲಾಟೆ ಮಾಡದೆ ಹೋಟೆಲಿನ ಹುಡುಗನನ್ನು ಕರೆದು, ಭಕ್ತಪುರಕ್ಕೆ ವ್ಯಾನಿಗೆ ಎಷ್ಟು ಅಂತ ಹರಕು ಹಿಂದಿಯಲ್ಲಿ ವಿಚಾರಿಸಿದರು.

ಮಾರನೆಯ ದಿನ ಬುಢಾನೀಲಕಂಠ, ಸ್ವಯಂಭು ನೋಡಿ ಸಂಜೆ ಅಸನ್ ಪೇಟೆಗೆ ಹೋದೆವು. ಬೇರೆಯವರು ಹೊಸ ಅಂಗಡಿಗಳ ಕಡೆ ಹೋದರೂ ಗೃಹಿಣಿಯರಿಗೆ ನೋಡಬೇಕಾದ ಜಾಗ ಅಸನ್ನೇ. ಹಳೆಯ ಕಾಲದ ಪೇಟೆ. ಬೇಳೆ, ಕಾಳು, ಒಣಗಿದ ಸೊಪ್ಪು, ಹಿತ್ತಾಳೆ ಪಾತ್ರೆ, ನಮ್ಮ ಅಂತರಸನಹಳ್ಳಿ ತರಕಾರಿ ಮಾರ್ಕೆಟ್ಟಿನ ಹಾಗೇ ಕೂಗಾಟ, ತಳ್ಳಾಟ. ನಡುವೆ ಒಂದು ಅನ್ನಪೂರ್ಣೆಯ ಗುಡಿ. ಒಳಗೆ ಮೂರ್ತಿ ಇಲ್ಲ, ತುಂಬಿದ ಕಲಶವೇ ದೇವಿ. ಅತ್ತೆಯವರು ಅಲ್ಲಿ ಬಹಳ ಹೊತ್ತು ನಿಂತರು.

ಕೊಳ್ಳುವವರಿಗೆ ನಾಲ್ಕು ಮಾತು. ನಮ್ಮ ನೂರು ರೂಪಾಯಿಗೆ ಅವರ 160 ರೂಪಾಯಿ, 1993ರಿಂದ ಇದೇ ದರ. ಅಂಗಡಿಯವರು ಬೆಲೆ ಹೇಳಿದ ಕೂಡಲೆ "ಐಸಿಯೋ ಎನ್‌ಸಿಯೋ" ಅಂತ ಕೇಳಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. ಕೇಳದೆ ಕೊಟ್ಟರೆ ಒಂದೂವರೆಪಟ್ಟಿಗಿಂತ ಹೆಚ್ಚು ಕೊಟ್ಟ ಹಾಗೆ. ಪಶ್ಮೀನಾ ಶಾಲು ಮೇಕೆಯ ಒಳತುಪ್ಪಳದಿಂದ ಆಗುವ ವಸ್ತು, ಮುನ್ನೂರು ರೂಪಾಯಿಗೆ ಬರುವುದಿಲ್ಲ, ಆ ಬೆಲೆಗೆ ಸಿಗುವುದು ಬರೀ ನೈಲಾನಿನ ಜಾತಿಯ ನೂಲು. ನೆಂಟರಿಗೆ ಹಂಚಲು ಅದೂ ಆಯಿತು ಅನ್ನಿ, ಆದರೆ ಪಶ್ಮೀನಾ ಅಂತ ಹೇಳಿ ಹಂಚಬೇಡಿ. ರುದ್ರಾಕ್ಷಿಯಲ್ಲಿ ಪಂಚಮುಖಿ ಧಾರಾಳವಾಗಿ ಬೆಳೆಯುತ್ತೆ, ಅಗ್ಗವೂ ಹೌದು. ಏಕಮುಖಿ ಅಂತ ತೋರಿಸುವವರ ಅಂಗಡಿಯಿಂದ ಸುಮ್ಮನೆ ಇಳಿದು ಬನ್ನಿ. ನೀರಿನಲ್ಲಿ ಮುಳುಗಿದರೆ ಅಸಲಿ ಅನ್ನುವ ಪರೀಕ್ಷೆಯನ್ನೂ ನಂಬಿಕೊಳ್ಳಬೇಡಿ.

ಆ ರಾತ್ರಿ ನಾನು ಗಮನಿಸಿದ್ದು ಒಂದು. ಎಲ್ಲರೂ ಮಕ್ಕಳಿಗೆ, ಸೊಸೆಗೆ, ಅಕ್ಕಪಕ್ಕದವರಿಗೆ ಅಂತ ಗಂಟು ಹರಡಿಕೊಂಡು ಎಣಿಸುತ್ತಿದ್ದರೆ ಕುಣಿಗಲ್ ಅಕ್ಕ ಮಾತ್ರ ಏನೂ ತಂದಿರಲಿಲ್ಲ. ಕೇಳಿದ್ದಕ್ಕೆ "ಇಡೋಕೆ ಜಾಗ ಎಲ್ಲಿದೆ" ಅಂದರು. ನನಗೆ ಅರ್ಥವಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಶುಪತಿನಾಥ. ಅಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅನ್ನುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಬಹುದು. ರಾಜರ ಕಾಲದಿಂದ ಬಂದ ಪದ್ಧತಿ ಅದು. 2008ರಲ್ಲಿ ರಾಜಪಟ್ಟವೇ ಹೋಯಿತು, ಮರುವರ್ಷ ಹೊಸ ಭಟ್ಟರನ್ನು ನೇಮಿಸುವಾಗ ಸ್ಥಳೀಯರೇ ಇರಲಿ ಅಂತ ಅಲ್ಲಿ ದೊಡ್ಡ ವಿವಾದವೂ ನಡೆಯಿತು, ಆದರೂ ದಕ್ಷಿಣದ ಭಟ್ಟರು ಉಳಿದರು. ನಾಲ್ಕು ಬಾಗಿಲಿನ ಗುಡಿ, ನಾಲ್ಕು ಮುಖದ ಲಿಂಗ, ಪಡುವಣ ಬಾಗಿಲ ಮುಂದೆ ಭಾರಿ ನಂದಿ. ನೂಕುನುಗ್ಗಲಿನಲ್ಲಿ ಭಟ್ಟರಿಗೆ ಎರಡು ಕನ್ನಡದ ಮಾತು ಹೇಳಬೇಕೆಂಬ ನಮ್ಮ ಆಸೆ ನಡೆಯಲಿಲ್ಲ.

ಗುಡಿಯ ಹಿಂದೆಯೇ ಬಾಗ್ಮತಿ ನದಿ, ಅದರ ದಡದ ಮೇಲೆ ಆರ್ಯಘಾಟ್. ಕಟ್ಟೆಗಳ ಮೇಲೆ ಬಯಲಿನಲ್ಲೇ ಹೆಣ ಸುಡುತ್ತಾರೆ. ಎದುರು ದಡದ ಮೆಟ್ಟಿಲ ಮೇಲೆ ಕೂತರೆ ಎಲ್ಲ ಕಾಣುತ್ತೆ. ನಮ್ಮ ತಂಡದವರು ಕಣ್ಣು ತಪ್ಪಿಸಿಕೊಂಡು ಬಸ್ಸಿನ ಕಡೆ ನಡೆದರು. ಕುಣಿಗಲ್ ಅಕ್ಕ ಕೂತುಬಿಟ್ಟರು. ಕರೆದರೆ ಏಳಲಿಲ್ಲ. ಒಬ್ಬರನ್ನೇ ಬಿಡುವುದು ಹೇಗೆ ಅಂತ ನಾನೂ ಗುಬ್ಬಿಯವರೂ ಉಳಿದೆವು, ನನ್ನ ಜೊತೆ ಅತ್ತೆ, ಗುಬ್ಬಿಯವರ ಜೊತೆ ಕ್ಯಾತ್ಸಂದ್ರದವರು. ಒಂದು ಗಂಟೆಯ ಮೇಲೇ ಆಯಿತೇನೋ. ಒಂದು ಚಿತೆ ಹೊತ್ತಿಸಿದ್ದರಿಂದ ಹಿಡಿದು ತಣಿಯುವ ತನಕ ಅವರು ರೆಪ್ಪೆ ಬಡಿಯದೆ ನೋಡಿದರು.

ನಮ್ಮ ಕಡೆ ಹೆಂಗಸರು ಬಾಗಿಲ ತನಕ ಮಾತ್ರ ತಾನೆ? ಅವರ ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಬಾಗಿಲಲ್ಲಿ ಎತ್ತಿಕೊಂಡು ಹೋದದ್ದು ಕಂಡಿದ್ದರು, ಹಿತ್ತಾಳೆಯ ಕಲಶದಲ್ಲಿ ಬೂದಿ ಬಂದದ್ದು ಕಂಡಿದ್ದರು. ನಡುವೆ ಏನಾಯಿತು ಅಂತ ಎರಡು ವರ್ಷದಿಂದ ರಾತ್ರಿಯೆಲ್ಲ ಯೋಚನೆ ಮಾಡುತ್ತಿದ್ದರಂತೆ. "ಇಷ್ಟೇನಾ?" ಅಂದರು ಎದ್ದು. ಅಳಲಿಲ್ಲ. ಸೆರಗು ಕೊಡವಿಕೊಂಡು ನಮಗಿಂತ ಮುಂದೆ ನಡೆದರು.

ಹೋಟೆಲಿಗೆ ಬಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು. ಊಟವಾದ ಮೇಲೆ ಉಳಿದವರು ಮಲಗಿದರು. ನಾವು ಐವರು ವ್ಯಾನಿನಲ್ಲಿ ಭಕ್ತಪುರಕ್ಕೆ ಹೊರಟೆವು.

ಕಠ್ಮಂಡುವಿನಿಂದ ಭಕ್ತಪುರ ಹದಿಮೂರು ಕಿಲೋಮೀಟರ್ ಅಷ್ಟೆ. ಇಟ್ಟಿಗೆ ಹಾಸಿದ ಬೀದಿ, ಕೆತ್ತಿದ ಮರದ ಕಿಟಕಿಗಳು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಆ ಊರಿನ ಎಷ್ಟೋ ಮನೆ, ಗುಡಿ ನೆಲಕ್ಕೆ ಬಿದ್ದವು. ಆದರೆ ಐದು ಅಂತಸ್ತಿನ ನ್ಯಾತಪೋಲ ಗುಡಿ ನಿಂತಿತು. 1702ರಲ್ಲಿ ಕಟ್ಟಿದ್ದು, 1934ರ ಭೂಕಂಪವನ್ನೂ ಅದು ತಡೆದುಕೊಂಡಿತ್ತು. ಮೆಟ್ಟಿಲಿನ ಇಕ್ಕೆಲದಲ್ಲಿ ಕಲ್ಲಿನ ಕಾವಲುಗಾರರು. ಕೆಳಗೆ ಇಬ್ಬರು ಜಟ್ಟಿಗಳು, ಅವರಿಗಿಂತ ಹತ್ತು ಪಟ್ಟು ಬಲದ ಆನೆಗಳು, ಅದಕ್ಕಿಂತ ಹತ್ತು ಪಟ್ಟು ಸಿಂಹಗಳು, ಹೀಗೆ ಏರುತ್ತ ಎಲ್ಲಕ್ಕಿಂತ ಮೇಲೆ ಇಬ್ಬರು ದೇವಿಯರು. ಗುಬ್ಬಿಯವರು ಮೇಲಿನ ತನಕ ಹತ್ತಿ ಬಂದರು. ಅತ್ತೆಗೆ ಮಂಡಿ ನೋವು, ಜಟ್ಟಿಗಳ ಹತ್ತಿರವೇ ಕೂತರು, ನಾವೂ ಕೂತೆವು.

ಆ ಊರಿನ ಮೊಸರು ಪ್ರಸಿದ್ಧ. ಜುಜು ಧೌ ಅನ್ನುತ್ತಾರೆ, ರಾಜ ಮೊಸರು ಅಂತ ಅರ್ಥ. ಎಮ್ಮೆ ಹಾಲನ್ನು ಇಂಗಿಸಿ, ಸಿಹಿ ಸೇರಿಸಿ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ್ದು. ಕುಡಿಕೆ ನೀರು ಹೀರಿಕೊಳ್ಳುವುದರಿಂದ ಚಾಕುವಿನಲ್ಲಿ ಕುಯ್ಯುವಷ್ಟು ಗಟ್ಟಿ. ಕ್ಯಾತ್ಸಂದ್ರದವರು ಐದು ಕುಡಿಕೆ ತಂದು ಹಂಚಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಕೈ ಅಡ್ಡ ಹಿಡಿಯಲಿಲ್ಲ, ಎರಡು ಕೈಯಲ್ಲಿ ತೆಗೆದುಕೊಂಡರು.

ಅಲ್ಲಿ ಕುಣಿಗಲ್ ಅಕ್ಕ ಬಾಯಿ ಬಿಟ್ಟರು. ಇಬ್ಬರು ಗಂಡುಮಕ್ಕಳು, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಹೊಸಪೇಟೆಯಲ್ಲಿ. ಕುಣಿಗಲ್ಲಿನ ಮನೆ ಮಾರಿ ದುಡ್ಡು ಹಂಚಿಕೊಂಡು, ತಾಯಿಯನ್ನು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇಟ್ಟುಕೊಳ್ಳುವುದು ಅಂತ ಮಾತಾಗಿದೆ. ಯುಗಾದಿ ಕಳೆದ ಮೇಲೆ ಅಗ್ರಿಮೆಂಟು. ಪ್ರವಾಸಕ್ಕೆ ಕಳಿಸಿದ್ದೂ ಅದಕ್ಕೇ, ಅಮ್ಮನ ಮನಸ್ಸು ಹಗುರವಾಗಲಿ ಅಂತ. "ಮಕ್ಕಳು ಕೆಟ್ಟವರಲ್ಲ ಕಣಮ್ಮ, ಸೊಸೆಯಂದಿರೂ ಒಳ್ಳೆಯವರೇ. ಆದರೆ ಚೀಲ ಬಿಚ್ಚೋದು ಕಟ್ಟೋದು, ಬಿಚ್ಚೋದು ಕಟ್ಟೋದು. ಈ ಹತ್ತು ದಿನಕ್ಕೇ ನನಗೆ ಸಾಕಾಗಿದೆ" ಅಂದರು.

ಗುಬ್ಬಿಯವರು ವ್ಯವಹಾರದ ಹೆಂಗಸು. "ಮನೆ ಯಾರ ಹೆಸರಿಗಿದೆ?" ಅಂತ ಒಂದೇ ಮಾತು ಕೇಳಿದರು.

"ನನ್ನ ಹೆಸರಿಗೇ. ಯಜಮಾನರೇ ಬರೆಸಿದ್ದರು."

"ಮತ್ತಿನ್ನೇನು, ಸೈನು ಹಾಕಬೇಡಿ."

ಕ್ಯಾತ್ಸಂದ್ರದವರಿಗೆ ಅದು ಸರಿಬರಲಿಲ್ಲ. ಮುಪ್ಪಿನಲ್ಲಿ ಮಕ್ಕಳನ್ನು ಎದುರು ಹಾಕಿಕೊಂಡು ಒಂಟಿಯಾಗಿ ಹೇಗಿರುವುದು, ರಾತ್ರಿ ಎದೆನೋವು ಬಂದರೆ ಯಾರು, ಅಂದರು. ಅದೂ ನಿಜವೇ. ಮಾತು ಎರಡೂ ಕಡೆ ಎಳೆದಾಡುತ್ತಿರುವಾಗ ಅದುವರೆಗೆ ಚಮಚದಿಂದ ಕುಡಿಕೆಯ ತಳ ಕೆರೆಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆ ಹೇಳಿದರು: "ನಾನು ಬಿಟ್ಟುಕೊಟ್ಟೆ. ನೀನು ಕೊಡಬೇಡ ಕಣೆ."

ಸೋದರಿಯರೇ, ಹನ್ನೊಂದು ವರ್ಷಗಳ ಹಿಂದೆ ಮಾವನವರು ತೀರಿಕೊಂಡ ಮೇಲೆ ಹಳ್ಳಿ ಮನೆ ಮಾರಿ ಅತ್ತೆಯವರು ನಮ್ಮ ಜೊತೆ ಅಂತರಸನಹಳ್ಳಿಗೆ ಬಂದರು. ಆ ದುಡ್ಡಿನಲ್ಲೇ ನಮ್ಮ ಮನೆಯ ಮೇಲಿನ ಅಂತಸ್ತು ಎದ್ದದ್ದು. ಅವರಿಗೆ ಕೋಣೆ ಇದೆ, ಫ್ಯಾನಿದೆ, ಟಿವಿ ಇದೆ. ಒಂದು ದಿನವೂ ಅವರು ಕೊರತೆ ಹೇಳಿದವರಲ್ಲ. ಆ ಮಾತು ಕೇಳಲು ನಾನು ನೇಪಾಳದ ತನಕ ಹೋಗಬೇಕಾಯಿತು. ನಾನು ಏನೂ ಹೇಳಲಿಲ್ಲ. ಅವರೂ ನನ್ನ ಕಡೆ ನೋಡಲಿಲ್ಲ. ಸೊಸೆ ಪಕ್ಕದಲ್ಲಿ ಕೂತಿದ್ದಾಳೆ ಅಂತ ಗೊತ್ತಿದ್ದೇ ಆಡಿದ ಮಾತು ಅದು, ಜಗಳಕ್ಕಲ್ಲ. ಇನ್ನೊಬ್ಬಳಿಗೆ ಉಪಯೋಗವಾಗಲಿ ಅಂತ.

ಕಾನೂನಿನ ಒಂದೆರಡು ಮಾತು ಇಲ್ಲಿ ಹೇಳುವುದು ಒಳ್ಳೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸಿನ ಹೆಸರಿಗೆ ಹೀಗೆ ಬಂದ ಆಸ್ತಿ ಸಾಧಾರಣವಾಗಿ ಪೂರ್ತಿ ಅವಳದೇ, ಮಕ್ಕಳು ಅವಳು ಬದುಕಿರುವಾಗ ಪಾಲು ಕೇಳುವ ಹಾಗಿಲ್ಲ. ನೋಡಿಕೊಳ್ಳುತ್ತೇವೆ ಅಂತ ಹೇಳಿ ದಾನಪತ್ರ ಮಾಡಿಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಲ್ಲಿ ಅದನ್ನು ರದ್ದು ಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿಕೊಂಡಿರುವುದು ಲೇಸು. ಆದರೆ ಹೊರಗಿನವರಿಗೆ ಮಾರಿ, ದುಡ್ಡು ಹಂಚಿಹೋದ ಮೇಲೆ ಮನೆ ತಿರುಗಿ ಬರುವುದಿಲ್ಲ.

ಕೊನೆಯ ರಾತ್ರಿ ಅಡಿಗೆಯವರ ಸಾರಿನ ಪುಡಿ ಮುಗಿದಿತ್ತು, ಮೂರು ಸೇರು ಅಕ್ಕಿ ಉಳಿದಿತ್ತು. ಹೆಂಗಸರೆಲ್ಲ ಅವರವರ ಡಬ್ಬಿ ತಂದು ಸುರಿದೆವು. ಚಟ್ನಿಪುಡಿಯೇ ಆರು ಬಗೆ, ಹುಣಿಸೆ ಗೊಜ್ಜು, ಪುಡಿಯಾದ ನಿಪ್ಪಟ್ಟು, ಅರ್ಧ ಕೊಬ್ಬರಿ ಮಿಠಾಯಿ. ಬಿಸಿ ಅನ್ನಕ್ಕೆ ಗೊಜ್ಜು ಕಲಸಿ ಕೈತುತ್ತು ಹಾಕಿದ್ದು ಕ್ಯಾತ್ಸಂದ್ರದವರು. ಅತ್ತೆಯವರು ಬೆಳ್ಳುಳ್ಳಿ ಇಲ್ಲ ತಾನೆ ಅಂತ ಎರಡು ಸಲ ಕೇಳಿ, ಮೂರು ತುತ್ತು ತಿಂದರು.

ಆಮೇಲೆ ಲೆಕ್ಕ. ಚಹಾ, ಅಡಿಗೆಯವರಿಗೆ, ಡ್ರೈವರಿಗೆ ಅಂತ ಹೆಂಗಸರು ತಲೆಗೆ ಐನೂರು ಹಾಕಿ ಒಂದು ಸಂಚಿ ಮಾಡಿದ್ದೆವು. ಕೊನೆಗೆ ಉಳಿದದ್ದು ನೇಪಾಳದ 1,120 ರೂಪಾಯಿ, ನಮ್ಮ ದುಡ್ಡಿನಲ್ಲಿ ಏಳುನೂರು, ತಲೆಗೆ ಐವತ್ತು. ಹಂಚುವುದಕ್ಕೆ ಹೊರಟಾಗ ಗುಬ್ಬಿಯವರು ತಡೆದರು. "ಹಂಚಿಬಿಟ್ಟರೆ ನಾವು ಮತ್ತೆ ಸೇರೋಕೆ ನೆಪ ಏನಿದೆ? ಸಂಚಿಯಲ್ಲೇ ಇರಲಿ" ಅಂದರು. ಆ ನೋಟುಗಳು ಇವತ್ತಿಗೂ ಕ್ಯಾತ್ಸಂದ್ರದಲ್ಲಿ ಹಾಗೇ ಇವೆ.

ದೆಹಲಿಯ ಮೇಲೆ ವಿಮಾನದಲ್ಲಿ ಬೆಂಗಳೂರಿಗೆ ಇಳಿದೆವು. ಹೊರಗೆ ಮಕ್ಕಳು, ಅಳಿಯಂದಿರು, ಕಾರುಗಳು. ಐದು ನಿಮಿಷದಲ್ಲಿ ಎಲ್ಲರೂ ಯಾರದೋ ಅಮ್ಮ, ಯಾರದೋ ಅಜ್ಜಿ ಆಗಿ ಕಾರುಗಳೊಳಗೆ ಹೊಕ್ಕುಬಿಟ್ಟರು. ಸರಿಯಾಗಿ ಹೋಗಿಬರುತ್ತೇನೆ ಅನ್ನುವುದಕ್ಕೂ ಆಗಲಿಲ್ಲ.

ವಾಟ್ಸಾಪಿನಲ್ಲಿ ಗುಂಪು ಮಾಡಿದರು. ಶುಭೋದಯದ ಹೂವು, ದೇವರ ಪಟ ದಿನಾ ಬರುತ್ತೆ. ಅದು ಸ್ನೇಹವಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಹದಿನಾಲ್ಕು ಹೆಂಗಸರಲ್ಲಿ ಈಗ ಮುಖ ನೋಡಿಕೊಳ್ಳುವವರು ನಾವು ಐವರೇ, ತಿಂಗಳಿಗೆ ಒಂದು ಸಲ, ಒಬ್ಬೊಬ್ಬರ ಮನೆಯಲ್ಲಿ. ಅಂತರಸನಹಳ್ಳಿಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಗುಬ್ಬಿಗೆ 20 ಕಿಲೋಮೀಟರ್, ಕುಣಿಗಲ್ಲಿಗೆ ಒಂದು ಗಂಟೆಯ ಹಾದಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಗಂಡಸರ ಹತ್ತಿರ ಕೈ ಚಾಚದೆ, ಯಾಕೆ ಎಲ್ಲಿಗೆ ಅಂತ ಲೆಕ್ಕ ಒಪ್ಪಿಸದೆ ಹೊರಡಬಹುದು. ಇಷ್ಟು ಹತ್ತಿರದವರು ಗುರುತಾಗಲು ಎರಡು ಸಾವಿರ ಕಿಲೋಮೀಟರಿಗೂ ದೂರ ಹೋಗಿದ್ದೆವಲ್ಲ ಅಂತ ಪ್ರತಿ ಸಲವೂ ನಗು ಬರುತ್ತೆ.

ಸೇರಿದಾಗ ಒಮ್ಮೊಮ್ಮೆ ಆ ಮೊಸರು ಮಾಡುತ್ತೇವೆ. ಒಂದು ಲೀಟರ್ ಗಟ್ಟಿ ಎಮ್ಮೆ ಹಾಲನ್ನು ಮುಕ್ಕಾಲಿಗೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕಾಯಿಸಿ. ಐದು ದೊಡ್ಡ ಚಮಚ ಸಕ್ಕರೆ, ಎರಡು ಏಲಕ್ಕಿಯ ಪುಡಿ ಹಾಕಿ ಕದಡಿ. ಕಿರುಬೆರಳು ಇಟ್ಟರೆ ಸುಡದಷ್ಟು ಆರಿದ ಮೇಲೆ ಎರಡು ಚಮಚ ಹುಳಿಯಿಲ್ಲದ ಮೊಸರನ್ನು ಹೆಪ್ಪು ಹಾಕಿ. ನೀರಿನಲ್ಲಿ ನೆನೆಸಿ ಒಣಗಿಸಿದ ಮಣ್ಣಿನ ಕುಡಿಕೆಗೆ ಸುರಿದು, ಬಾಯಿ ಮುಚ್ಚಿ, ಕಂಬಳಿ ಸುತ್ತಿ ಆರೇಳು ಗಂಟೆ ಅಲ್ಲಾಡಿಸದೆ ಇಡಿ. ಕುಡಿಕೆ ಹೊಸದಾದರೆ ಮೊದಲ ಸಲ ಮಣ್ಣಿನ ವಾಸನೆ ಸ್ವಲ್ಪ ಇರುತ್ತೆ, ಎರಡನೆಯ ಸಲಕ್ಕೆ ಹೋಗುತ್ತೆ.

ಕುಣಿಗಲ್ ಅಕ್ಕ ಯುಗಾದಿ ಕಳೆದ ಮೇಲೆ ಸೈನು ಹಾಕಲಿಲ್ಲ. ದೊಡ್ಡ ಮಗ ಮುನಿಸಿಕೊಂಡು ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ, ಅಕ್ಕ ಅವತ್ತು ಒಲೆ ಹಚ್ಚಲಿಲ್ಲವಂತೆ. ಮುಂದಿನ ವರ್ಷ ಬಂದ. ಈಗಲೂ ಮನೆಯ ಮಾತು ಬಂದರೆ ಎದ್ದು ಹೋಗುತ್ತಾನೆ. ಮುಂದಿನ ಕೋಣೆಯನ್ನು ನರ್ಸ್ ಕೆಲಸದ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ರಾತ್ರಿ ಹೊತ್ತಿಗೆ ಒಂದು ಜೀವ ಇದ್ದ ಹಾಗಾಯಿತು. ಕ್ಯಾತ್ಸಂದ್ರದವರ ಎದೆನೋವಿನ ಪ್ರಶ್ನೆಗೆ ಸದ್ಯಕ್ಕೆ ಅದೇ ಉತ್ತರ.

ಹೋದ ತಿಂಗಳು ಅಲ್ಲಿಂದ ಹೊರಡುವ ಹೊತ್ತಿಗೆ ಅತ್ತೆಯವರು "ನೀನು ಹೋಗು, ನಾನು ನಾಲ್ಕು ದಿನ ಇರ್ತೀನಿ" ಅಂದರು. ಒಂದು ಜೊತೆ ಸೀರೆ, ಮಂಡಿ ನೋವಿನ ಎಣ್ಣೆ ಮೊದಲೇ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು. ನಾಲ್ಕು ದಿನ ಅಂದವರು ಒಂಬತ್ತು ದಿನ ಉಳಿದರು.